ಟೆಸ್ಟಿಂಗ್ ಬಿಟ್ಟು ಗಣಿತದ ಮೇಷ್ಟ್ರಾಗುವುದು: ರಾಜೀನಾಮೆಗೆ ಮುಂಚಿನ ಲೆಕ್ಕ

ಪ್ರಶ್ನೆ: ನನಗೆ 36 ವರ್ಷ. ಬಿ.ಇ. (ಎಲೆಕ್ಟ್ರಾನಿಕ್ಸ್, ಶೇ 61) ಮುಗಿಸಿ 2012ರಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಈಗಿನ ಕಂಪನಿ ಸೇರಿ ಐದೂವರೆ ವರ್ಷ. ಕೈಗೆ ತಿಂಗಳಿಗೆ 1.25 ಲಕ್ಷ ಬರುತ್ತದೆ. ಹೆಂಡತಿಗೆ ಸಹಕಾರಿ ಬ್ಯಾಂಕಿನಲ್ಲಿ ಕೆಲಸ, ಸಂಬಳ 42,000. ಮಗಳು ಎರಡನೇ ಕ್ಲಾಸು. ಮನೆ ಸಾಲ 27 ಲಕ್ಷ ಬಾಕಿ ಇದೆ, ಇನ್ನು 9 ವರ್ಷ, ಇಎಂಐ 36,000. ಅದೂ ಸೇರಿ ತಿಂಗಳ ಖರ್ಚು ಹತ್ತಿರ ಹತ್ತಿರ ಒಂದು ಲಕ್ಷ. ಅಪ್ಪ-ಅಮ್ಮ ಊರಲ್ಲಿದ್ದಾರೆ. ಉಳಿತಾಯ 9 ಲಕ್ಷ, ಪಿಎಫ್ ಬೇರೆ. ಎರಡು ವರ್ಷದಿಂದ ಕೆಲಸದಲ್ಲಿ ಅರ್ಥವೇ ಕಾಣುತ್ತಿಲ್ಲ. ಪಕ್ಕದ ಮನೆಯ ಮಕ್ಕಳಿಗೆ ಗಣಿತ ಹೇಳಿಕೊಡುವಾಗ ಮಾತ್ರ ಖುಷಿಯಾಗುತ್ತದೆ. ಕೆಲಸ ಬಿಟ್ಟು ಬಿ.ಇಡಿ. ಸೇರಿ ಮೇಷ್ಟ್ರಾಗಲೇ? ಮನೆಯಲ್ಲಿ ಎಲ್ಲರೂ ಬೈಯುತ್ತಿದ್ದಾರೆ.

ಉತ್ತರ: ಆಗಬಹುದು, ಆದರೆ ಈ ವರ್ಷ ಬೇಡ. ನೀವು ಕೊಟ್ಟ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿದರೆ ಇನ್ನು ಹದಿನೆಂಟು ತಿಂಗಳಿಗೆ ಇದು ಸಾಧ್ಯ. ಆ ಹದಿನೆಂಟು ತಿಂಗಳು ಸುಮ್ಮನೆ ಕಾಯುವ ಕಾಲವೂ ಅಲ್ಲ. ಮೇಷ್ಟ್ರ ಕೆಲಸ ನಿಮಗೆ ಒಗ್ಗುತ್ತದೆಯೇ ಎಂದು ಸಂಬಳ ಬರುತ್ತಿರುವಾಗಲೇ ನೋಡಿಕೊಳ್ಳಬಹುದು, ಬೇಕಾದ ಹಣವೂ ಅಷ್ಟರಲ್ಲೇ ಕೂಡುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಸಂಗತಿ ಸೇರಿಕೊಂಡಿವೆ. ಈಗಿನ ಕೆಲಸ ಸಾಕಾಗಿದೆ ಎನ್ನುವುದು ಒಂದು, ಪಾಠ ಮಾಡುವುದು ಬೇಕು ಎನ್ನುವುದು ಇನ್ನೊಂದು. ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದು ನಿಜವಾಗುವುದಿಲ್ಲ. ಕೆಲಸ ಬದಲಿಸಿ ಮೂರನೇ ವರ್ಷಕ್ಕೆ ಪರಿತಪಿಸುವವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ದಣಿವೋ, ಹೊಂದಾಣಿಕೆ ಇಲ್ಲದಿರುವುದೋ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿ ಮೂರು ಲಕ್ಷಣ ಹೇಳಿದೆ: ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ಮನಸ್ಸು ದೂರ ಸರಿಯುವುದು ಅಥವಾ ಕಹಿಯಾಗುವುದು, ಮಾಡಿದ್ದು ಫಲ ಕೊಡುತ್ತಿಲ್ಲ ಅನ್ನಿಸುವುದು. ಮೂರನ್ನೂ ಒಟ್ಟಿಗೆ ಅನುಭವಿಸುತ್ತಿರುವವರು ಅದನ್ನು ‘ಅರ್ಥವಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ದಣಿವು ವೃತ್ತಿ ಬದಲಿಸಿದರೆ ಹೋಗುವುದಿಲ್ಲ. ಮೇಷ್ಟ್ರ ಕೆಲಸದಲ್ಲೂ ದಣಿವು ಧಾರಾಳವಾಗಿದೆ, ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕುರ್ಚಿಗೆ ಒರಗಿ ಕೂರುವ ಅವಕಾಶ ಕೂಡ ಇಲ್ಲ.

ಮೂರು ವಾರ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಐದಾರು ಸಾಲು ಸಾಕು: ಎಷ್ಟು ಗಂಟೆಗೆ, ಏನು ಕೆಲಸ, ಯಾರ ಜೊತೆ, ಮುಗಿದ ಮೇಲೆ ಹಗುರವೋ ಭಾರವೋ. ರಾತ್ರಿ ನೆನಪಿನಿಂದ ಬರೆದರೆ ಎಲ್ಲವೂ ಭಾರ ಎಂದೇ ಬರುತ್ತದೆ, ಅದಕ್ಕೇ ಆಗಿಂದಾಗ್ಗೆ ಬರೆಯಬೇಕು. ಮೂರು ವಾರದ ನಂತರ ‘ಭಾರ’ ಎಂದಿರುವ ಸಾಲುಗಳನ್ನು ಗುಂಪು ಮಾಡಿ. ರಾತ್ರಿ ಒಂಬತ್ತರ ಕಾಲ್‌ಗಳು, ಒಬ್ಬ ನಿರ್ದಿಷ್ಟ ಮ್ಯಾನೇಜರ್, ರಿಲೀಸ್ ವಾರದ ಗಡಿಬಿಡಿ ಇವೇ ಮತ್ತೆ ಮತ್ತೆ ಬಂದಿದ್ದರೆ ತೊಂದರೆ ಇರುವುದು ಪರಿಸ್ಥಿತಿಯಲ್ಲಿ. ತಂಡ ಅಥವಾ ಕಂಪನಿ ಬದಲಿಸಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಅದೇ, ಗಲಾಟೆಯಿಲ್ಲದ ಒಳ್ಳೆಯ ದಿನದಲ್ಲೂ ಟೆಸ್ಟ್ ಕೇಸ್ ಬರೆಯುವ ಗಂಟೆಗಳೇ ಭಾರವಾಗಿದ್ದರೆ ಕೆಲಸವೇ ನಿಮಗೆ ಹೊಂದುತ್ತಿಲ್ಲ. ಹತ್ತು ದಿನ ರಜೆ ಹಾಕಿ ಲ್ಯಾಪ್‌ಟಾಪ್ ಮುಟ್ಟದೆ ಇದ್ದು ಬಂದು ನೋಡುವುದೂ ಒಂದು ದಾರಿ. ಬಂದ ಮೇಲೆ ಒಂದೆರಡು ವಾರ ಉತ್ಸಾಹ ಉಳಿದರೆ ಅದು ದಣಿವು. ಎರಡನೇ ದಿನವೇ ಹಳೆಯ ಬೇಸರ ಮರಳಿದರೆ ಮುಂದಿನ ಭಾಗ ಓದಿ. ನಿದ್ದೆ, ಊಟ ಕೆಟ್ಟು ಎರಡು ವಾರ ದಾಟಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಮೊದಲು ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಅಂಥ ಸ್ಥಿತಿಯಲ್ಲಿ ರಾಜೀನಾಮೆಯಂಥ ದೊಡ್ಡ ತೀರ್ಮಾನ ತೆಗೆದುಕೊಳ್ಳಬಾರದು.

ಇರುವ ಕೆಲಸವನ್ನೇ ಸ್ವಲ್ಪ ತಿದ್ದಿಕೊಳ್ಳುವ ಸಾಧ್ಯತೆಯನ್ನೂ ಬಿಡಬೇಡಿ. ಏಮಿ ರೆಸ್ನೆವ್‌ಸ್ಕಿ ಮತ್ತು ಜೇನ್ ಡಟನ್ ಎಂಬ ಸಂಶೋಧಕರು 2001ರಲ್ಲಿ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಉದಾಹರಣೆ ಇಟ್ಟುಕೊಂಡು ಇದನ್ನೇ ವಿವರಿಸಿದರು. ಅದೇ ಹುದ್ದೆ, ಅದೇ ಸಂಬಳದಲ್ಲಿ ಕೆಲವರು ರೋಗಿಗಳ ಜೊತೆ ಮಾತುಕತೆ, ಸಣ್ಣಪುಟ್ಟ ನೆರವನ್ನು ತಮ್ಮ ಕೆಲಸಕ್ಕೆ ತಾವೇ ಸೇರಿಸಿಕೊಂಡು ಅದನ್ನು ಬೇರೆಯದೇ ಆಗಿ ಕಾಣುತ್ತಿದ್ದರು. ನಿಮ್ಮ ಮಟ್ಟಿಗೆ ಹೇಳುವುದಾದರೆ, ಹೊಸದಾಗಿ ಸೇರುವ ಹುಡುಗರಿಗೆ ತರಬೇತಿ ಕೊಡುವ ಕೆಲಸವನ್ನು ಆರು ತಿಂಗಳ ಮಟ್ಟಿಗೆ ಕೇಳಿ ಪಡೆಯಿರಿ. ಅಷ್ಟರಿಂದಲೇ ಹೊಟ್ಟೆ ತುಂಬಿದರೆ ಬಹಳ ದೊಡ್ಡ ಖರ್ಚು ಉಳಿಯಿತು.

ಹನ್ನೆರಡು ಶನಿವಾರ

ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಹೇಳಿಕೊಡುವಾಗಿನ ಖುಷಿಯನ್ನು ನಂಬಿ ಮೂವತ್ತೈದು ಮಕ್ಕಳ ಕ್ಲಾಸಿಗೆ ಕಾಲಿಡಬೇಡಿ. ಆ ಇಬ್ಬರು ತಾವಾಗಿ ಕೇಳಿಕೊಂಡು ಬಂದವರು, ಗಲಾಟೆ ಮಾಡುವುದಿಲ್ಲ, ಒಬ್ಬನಿಗೆ ಅರ್ಥವಾಗದಿದ್ದರೆ ನಿಲ್ಲಿಸಿ ಮತ್ತೊಮ್ಮೆ ಹೇಳಬಹುದು. ಕ್ಲಾಸಿನಲ್ಲಿ ಈ ಮೂರೂ ಇರುವುದಿಲ್ಲ. ಕಂಪನಿಯ ಕಡೆಯಿಂದ ಒಂದು ದಿನ ಶಾಲೆಗೆ ಹೋಗಿ ಬ್ಯಾಗು ಹಂಚಿ ಒಂದು ಪೀರಿಯಡ್ ಪಾಠ ಮಾಡಿ ಬರುವುದಂತೂ ಪರೀಕ್ಷೆಯೇ ಅಲ್ಲ. ಅವತ್ತು ಮಕ್ಕಳು ಅತಿಥಿಯನ್ನು ನೋಡುತ್ತಿರುತ್ತಾರೆ.

ನಿಮ್ಮ ಬಡಾವಣೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಶನಿವಾರದ ಬೆಳಗಿನ ಶಾಲೆಯಲ್ಲಿ ಆರನೇ ಅಥವಾ ಏಳನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತೇನೆ ಎಂದು ಕೇಳಿ. ಅವರ ಮೂಲಕವೇ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಒಂದು ಪತ್ರ, ಜೊತೆಗೆ ಗುರುತಿನ ಚೀಟಿಯ ಪ್ರತಿ ಕೊಡಿ. ಬಾಯಿಮಾತಿನ ಒಪ್ಪಿಗೆಯ ಮೇಲೆ ಶುರು ಮಾಡಿದರೆ ಮುಖ್ಯೋಪಾಧ್ಯಾಯರು ವರ್ಗವಾದ ದಿನ ನಿಮ್ಮ ಪಾಠವೂ ನಿಲ್ಲುತ್ತದೆ. ಜುಲೈ ಹೊತ್ತಿಗೆ ದಾಖಲಾತಿಯ ಗದ್ದಲ ಮುಗಿದಿರುತ್ತದೆ, ಅಲ್ಲಿಂದ ದಸರಾ ರಜೆಯವರೆಗೆ ಹನ್ನೆರಡು ಶನಿವಾರ ಸಿಗುತ್ತವೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕೇಳಬೇಡಿ, ಪರೀಕ್ಷೆಯ ಹೊತ್ತಲ್ಲಿ ಹೊಸಬರನ್ನು ಒಳಬಿಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಒಂದೇ ತರಗತಿ, ಅದೇ ಮಕ್ಕಳು, ಒಂದೇ ಘಟಕ. ಭಿನ್ನರಾಶಿ ತೆಗೆದುಕೊಳ್ಳಿ. ಮಕ್ಕಳು ಅತಿ ಹೆಚ್ಚು ಜಾರುವ ಜಾಗ ಅದು, ಮೇಷ್ಟ್ರ ತಾಕತ್ತು ಗೊತ್ತಾಗುವುದೂ ಅಲ್ಲೇ. ಮೊದಲ ವಾರ ಹತ್ತು ಪ್ರಶ್ನೆಯ ಸಣ್ಣ ಪರೀಕ್ಷೆ ಕೊಡಿ. 1/2 + 1/3 ಎಷ್ಟು ಎಂದರೆ 2/5 ಎಂದು ಬರೆಯುವ ಮಕ್ಕಳು ಹಲವರಿರುತ್ತಾರೆ. ಅವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದಾರೆ. ಅದು ಅಜಾಗರೂಕತೆಯ ತಪ್ಪಲ್ಲ, ಆ ಮಗುವಿನ ತಲೆಯಲ್ಲಿ ಭಿನ್ನರಾಶಿ ಎಂದರೆ ಮೇಲೊಂದು ಕೆಳಗೊಂದು ಬರೆದ ಎರಡು ಪೂರ್ಣಸಂಖ್ಯೆ. ಅಲ್ಲಿ ‘ಲ.ಸಾ.ಅ. ತೆಗಿ’ ಎಂದು ವಿಧಾನ ಹೇಳಿಕೊಟ್ಟರೆ ಈ ವಾರ ಉತ್ತರ ಸರಿಯಾಗುತ್ತದೆ, ಮುಂದಿನ ತಿಂಗಳು ಮತ್ತೆ 2/5 ಬರುತ್ತದೆ. ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಕೇಳಿ, ಕಾಗದ ಮಡಿಸಿ ತೋರಿಸಿ, ಅವರೇ ಹುಡುಕುವಂತೆ ಮಾಡಬೇಕು. ತಪ್ಪು ಎಲ್ಲಿಂದ ಹುಟ್ಟಿತು ಎಂದು ಜಾಡು ಹಿಡಿಯುವುದು ನಿಮಗೆ ಹದಿಮೂರು ವರ್ಷದ ರೂಢಿ. ಸಾಫ್ಟ್‌ವೇರ್‌ನಿಂದ ಬರುವ ಟೆಸ್ಟರ್‌ಗಳಿಗೆ ಇದೊಂದು ನಿಜವಾದ ಅನುಕೂಲ, ಇಂಟರ್‌ವ್ಯೂನಲ್ಲೂ ಹೇಳಿಕೊಳ್ಳಿ.

ಎಂಜಿನಿಯರುಗಳು ಸಾಮಾನ್ಯವಾಗಿ ಸೋಲುವುದು ಬೇರೆ ಕಡೆ. 1/2 ÷ 1/4 ಮಾಡುವಾಗ ಎರಡನೆಯದನ್ನು ಏಕೆ ತಲೆಕೆಳಗು ಮಾಡುತ್ತೇವೆ ಎಂದು ಏಳನೇ ತರಗತಿಯ ಹುಡುಗಿ ಕೇಳಿದರೆ ‘ರೂಲ್ ಹಾಗಿದೆ’ ಎಂದು ಬಾಯಿಗೆ ಬಂದುಬಿಡುತ್ತದೆ. ಲೆಕ್ಕ ಬಿಡಿಸಲು ಬರುವುದಕ್ಕೂ ಅದು ಏಕೆ ಹಾಗೆ ಎಂದು ಹನ್ನೆರಡು ವರ್ಷದ ಮಗುವಿಗೆ ಹೇಳಲು ಬರುವುದಕ್ಕೂ ತುಂಬ ಅಂತರವಿದೆ. 40 ನಿಮಿಷದ ಪಾಠಕ್ಕೆ ಶುರುವಿನಲ್ಲಿ ಎರಡು ಗಂಟೆ ತಯಾರಿ ಬೇಕಾಗುತ್ತದೆ. ಐದರಿಂದ ಎಂಟನೇ ತರಗತಿಯ ಗಣಿತ ಪುಸ್ತಕಗಳನ್ನು ಕೊಂಡು ಪ್ರತಿ ಲೆಕ್ಕವನ್ನೂ ಕನ್ನಡದಲ್ಲೇ ಬಾಯಿಬಿಟ್ಟು ವಿವರಿಸಿ ಅಭ್ಯಾಸ ಮಾಡಿ.

ಜೊತೆಗೆ ವಾರದ ದಿನ ಎರಡು ರಜೆ ಹಾಕಿ, ಒಂದು ಸರ್ಕಾರಿ ಶಾಲೆ ಮತ್ತು ಒಂದು ಖಾಸಗಿ ಶಾಲೆಯಲ್ಲಿ ಪ್ರಾರ್ಥನೆಯಿಂದ ಕೊನೆಯ ಗಂಟೆಯವರೆಗೆ ಒಬ್ಬ ಶಿಕ್ಷಕರ ಹಿಂದೆಯೇ ಇರಲು ಅನುಮತಿ ಕೇಳಿ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ದಾಖಲೆ, ಚುನಾವಣೆ ಮತ್ತು ಜನಗಣತಿಯ ಕೆಲಸ ಇರುತ್ತವೆ. ಖಾಸಗಿಯಲ್ಲಿ ಲೆಸನ್ ಪ್ಲಾನ್, ರಜೆ ಹಾಕಿದವರ ಪೀರಿಯಡ್, ಪೋಷಕರ ವಾಟ್ಸ್‌ಆ್ಯಪ್ ಸಂದೇಶ ಇರುತ್ತವೆ. ನಾಲ್ಕು ಸೆಕ್ಷನ್‌ಗೆ 35ರಂತೆ 140 ನೋಟ್‌ಬುಕ್, ಒಂದಕ್ಕೆ ಎರಡು ನಿಮಿಷ ಎಂದರೂ ತಿದ್ದಲು ನಾಲ್ಕೂವರೆ ಗಂಟೆ ದಾಟುತ್ತದೆ. ಪಾಠ ಇಷ್ಟವಾಗಿ ಉಳಿದದ್ದೆಲ್ಲ ಸಹಿಸಲಾಗದೆ ಬಿಟ್ಟು ಬಂದವರು ಕಡಿಮೆ ಇಲ್ಲ. ಅಂಥ ಇಬ್ಬರನ್ನಾದರೂ ಹುಡುಕಿ ಮಾತನಾಡಿಸಿ. ಉಳಿದುಕೊಂಡವರು ಒಳ್ಳೆಯದನ್ನೇ ಹೇಳುತ್ತಾರೆ.

ಹನ್ನೆರಡನೇ ವಾರ ಮೊದಲಿನ ಹತ್ತು ಪ್ರಶ್ನೆಗಳ ಮಾದರಿಯಲ್ಲೇ ಇನ್ನೊಂದು ಪರೀಕ್ಷೆ ಕೊಡಿ. ಜಾಣ ಮಕ್ಕಳ ಅಂಕ ನೋಡಬೇಡಿ. ಮೊದಲ ಸಲ ಮೂರೋ ಅದಕ್ಕಿಂತ ಕಡಿಮೆಯೋ ತೆಗೆದವರಲ್ಲಿ ಎಷ್ಟು ಜನ ಮೇಲೆ ಬಂದರು ಎಂದು ನೋಡಿ. ನಿಮ್ಮ ಬಗ್ಗೆ ತೀರ್ಪು ಕೊಡುವುದು ಮಾತ್ರ ಬೇರೆ ಎರಡು ಸಂಗತಿ: ಕ್ಲಾಸು ಪೂರಾ ಕೆಟ್ಟುಹೋದ ಶನಿವಾರದ ನಂತರದ ವಾರವೂ ತಯಾರಿ ಮಾಡಿಕೊಂಡು ಹೋದಿರಾ? ಅರ್ಥವಾಗದೆ ಉಳಿದ ಮಗುವಿನ ಯೋಚನೆ ಬುಧವಾರ ಆಫೀಸಿನಲ್ಲಿ ಬಂತಾ? ಎರಡಕ್ಕೂ ಹೌದು ಎಂದಾದರೆ ಈ ಕೆಲಸ ನಿಮ್ಮದು. ಪಾಠ ಮಾಡುವಾಗಿನ ಖುಷಿಯನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೊದಲ ಕೆಲವು ವಾರ ಅದು ಎಲ್ಲರಿಗೂ ಆಗುತ್ತದೆ.

ಅರ್ಹತೆಯ ವಿಚಾರ

ಒಂದರಿಂದ ಎಂಟನೇ ತರಗತಿಯವರೆಗೆ ಪಾಠ ಮಾಡುವವರಿಗೆ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ, ಅಂದರೆ ಎನ್‌ಸಿಟಿಇ, ನಿಗದಿ ಮಾಡಿದ ಕನಿಷ್ಠ ಅರ್ಹತೆ ಇರಲೇಬೇಕು. ಬಿ.ಇಡಿ. ಇಲ್ಲದೆಯೂ ಕೆಲವು ಖಾಸಗಿ ಶಾಲೆಗಳು ‘ಆಮೇಲೆ ಮಾಡಿಕೊಳ್ಳಿ’ ಎಂದು ತೆಗೆದುಕೊಳ್ಳುತ್ತವೆ. ಅಂಥ ಕಡೆ ಸಂಬಳ ಕಡಿಮೆ, ಕೆಲಸ ಖಾತ್ರಿಯಿಲ್ಲ, ಇನ್‌ಸ್ಪೆಕ್ಷನ್ ಬಂದರೆ ಮೊದಲು ಹೋಗುವವರು ನೀವೇ.

ಬಿ.ಇಡಿ. ಎರಡು ವರ್ಷದ ಕೋರ್ಸು, ಹೆಚ್ಚೆಂದರೆ ಮೂರು ವರ್ಷದೊಳಗೆ ಮುಗಿಸಬೇಕು. ಸಾಮಾನ್ಯ ಪದವೀಧರರಿಗೆ ಶೇ 50 ಅಂಕ ಸಾಕು. ಎಂಜಿನಿಯರಿಂಗ್ ಓದಿದವರು ವಿಜ್ಞಾನ, ಗಣಿತ ಮುಖ್ಯವಾಗಿ ಓದಿ ಶೇ 55 ತೆಗೆದಿರಬೇಕು, ಮೀಸಲಾತಿ ವರ್ಗಗಳಿಗೆ ರಿಯಾಯಿತಿ ಇದೆ. ನಿಮ್ಮ ಶೇ 61 ದಾಟುತ್ತದೆ. ಆದರೆ ಗಣಿತವನ್ನು ಬೋಧನಾ ವಿಷಯವಾಗಿ ಕೊಡುತ್ತಾರೆಯೇ ಎಂದು ಸೇರುವ ಮುಂಚೆ ಆ ವಿಶ್ವವಿದ್ಯಾಲಯದ ನಿಯಮ ನೋಡಿ, ಎಂಜಿನಿಯರುಗಳ ಅರ್ಜಿ ಇಲ್ಲಿ ಸಿಕ್ಕಿಹಾಕಿಕೊಳ್ಳುವುದುಂಟು. ಸರ್ಕಾರಿ ಕೋಟಾದ ಸೀಟುಗಳು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ ತುಂಬುತ್ತವೆ.

ಕೆಲಸದ ಜೊತೆಗೇ ಬಿ.ಇಡಿ. ಮಾಡುತ್ತೇನೆ ಎಂಬ ಯೋಚನೆ ಇದ್ದರೆ ಬಿಡಿ. ತರಗತಿಗಳಿಗೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಬೇಕು. ಆ ಇಂಟರ್ನ್‌ಶಿಪ್ ಎರಡು ವರ್ಷದಲ್ಲಿ ಒಟ್ಟು 20 ವಾರ. ‘ಬರುವುದೇ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಕಾಲೇಜುಗಳ ಏಜೆಂಟರು ಸಿಗುತ್ತಾರೆ. ಆ ದಾರಿ ಹಿಡಿದರೆ ಮುಂದೆ ದಾಖಲೆ ಪರಿಶೀಲನೆಯಲ್ಲಿ ನಿಮ್ಮ ಸಂಬಳದ ಸ್ಲಿಪ್ಪೂ ಕಾಲೇಜಿನ ಹಾಜರಾತಿಯೂ ಒಂದೇ ದಿನಾಂಕ ತೋರಿಸುತ್ತವೆ. ದೂರಶಿಕ್ಷಣದ ಬಿ.ಇಡಿ. ಈಗಾಗಲೇ ಶಿಕ್ಷಕರಾಗಿರುವವರಿಗೆ, ಇಲ್ಲವೇ ಡಿ.ಇಡಿ.ಯಂಥ ತರಬೇತಿ ಮುಗಿಸಿದವರಿಗೆ. ನಿಮಗೆ ಅನ್ವಯಿಸುವುದಿಲ್ಲ. ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ಎನ್‌ಸಿಟಿಇ ಜಾಲತಾಣದ ಪಟ್ಟಿಯಲ್ಲೇ ನೋಡಿ. ಕಾಲೇಜಿನ ಗೋಡೆಯ ಮೇಲಿನ ಫಲಕ ಸಾಲದು.

2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಒಂದರಿಂದ ಐದನೇ ತರಗತಿಯ ಶಿಕ್ಷಕರ ಹುದ್ದೆಗೆ ಬಿ.ಇಡಿ. ಅರ್ಹತೆಯಲ್ಲ. ಅದಕ್ಕೆ ಡಿ.ಎಲ್.ಇಡಿ., ಅಂದರೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ ಬೇಕು. ನಿಮ್ಮ ಗುರಿ ಆರರಿಂದ ಹತ್ತನೇ ತರಗತಿ ಎಂದು ಈಗಲೇ ಇಟ್ಟುಕೊಳ್ಳಿ. ಆರರಿಂದ ಎಂಟಕ್ಕೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೇ ಪತ್ರಿಕೆ ಪಾಸಾಗಬೇಕು: 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಮಕ್ಕಳ ಮನೋವಿಕಾಸ 30, ಎರಡು ಭಾಷೆಗೆ 30ರಂತೆ 60, ಗಣಿತ-ವಿಜ್ಞಾನ 60. ಸಾಮಾನ್ಯ ವರ್ಗಕ್ಕೆ ಶೇ 60, ಅಂದರೆ 90 ಅಂಕ ಬೇಕು. ಎಂಜಿನಿಯರುಗಳು ಗಣಿತದಲ್ಲಿ ಗೆದ್ದು ಮಕ್ಕಳ ಮನೋವಿಕಾಸದಲ್ಲಿ ಮತ್ತು ಜೀವಶಾಸ್ತ್ರದಲ್ಲಿ ಅಂಕ ಕಳೆದುಕೊಳ್ಳುತ್ತಾರೆ, ತಯಾರಿಯನ್ನು ಅಲ್ಲಿಂದ ಶುರು ಮಾಡಿ. ಒಮ್ಮೆ ಪಾಸಾದರೆ ಜೀವನಪೂರ್ತಿ ಮಾನ್ಯ. ಬಿ.ಇಡಿ. ಓದುತ್ತಿರುವಾಗಲೇ ಬರೆಯಬಹುದು, ಕೇಂದ್ರದ ಸಿಟಿಇಟಿಯನ್ನೂ ಬರೆದಿಟ್ಟುಕೊಳ್ಳಿ, ಸಿಬಿಎಸ್‌ಇ ಶಾಲೆಗಳು ಕೇಳುತ್ತವೆ.

ಸರ್ಕಾರಿ ಹುದ್ದೆ ಸಿಕ್ಕರೆ ಸಂಬಳ ಸಾಮಾನ್ಯ ಖಾಸಗಿ ಶಾಲೆಗಿಂತ ಚೆನ್ನಾಗಿಯೇ ಇರುತ್ತದೆ. ಆದರೆ ನೇಮಕಾತಿ ಪ್ರತಿ ವರ್ಷ ಆಗುವುದಿಲ್ಲ, ವಯೋಮಿತಿ ಇದೆ, ನೀವು ಬಿ.ಇಡಿ. ಮುಗಿಸುವ ಹೊತ್ತಿಗೆ ನಲವತ್ತರ ಹೊಸ್ತಿಲಲ್ಲಿರುತ್ತೀರಿ. ಅಧಿಸೂಚನೆ ಬಂದರೆ ಅರ್ಜಿ ಹಾಕಿ, ಸಂಸಾರದ ಲೆಕ್ಕವನ್ನು ಅದರ ಮೇಲೆ ಕಟ್ಟಬೇಡಿ.

ಬಿ.ಇಡಿ. ಒಂದೇ ದಾರಿಯೂ ಅಲ್ಲ. ಪಠ್ಯ, ಮೌಲ್ಯಮಾಪನ, ಶಿಕ್ಷಕರ ತರಬೇತಿ ಇಂಥವುಗಳತ್ತ ಒಲವಿದ್ದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎರಡು ವರ್ಷದ ಎಂ.ಎ. ಶಿಕ್ಷಣ ಕೋರ್ಸನ್ನು ನೋಡಿ. ಟೀಚ್ ಫಾರ್ ಇಂಡಿಯಾದ ಎರಡು ವರ್ಷದ ಫೆಲೋಶಿಪ್‌ನಲ್ಲಿ ಶುರುವಿನ ತರಬೇತಿ ಮುಗಿದ ಕೂಡಲೇ ಕ್ಲಾಸಿನಲ್ಲಿ ಇರುತ್ತೀರಿ, ತಿಂಗಳಿಗಿಷ್ಟು ಎಂದು ಹಣವೂ ಬರುತ್ತದೆ. ಆದರೆ ಅದು ಬಿ.ಇಡಿ.ಗೆ ಸಮನಲ್ಲ.

ದುಡ್ಡಿನ ಲೆಕ್ಕ

ಎಲ್ಲರೂ ಓದುವ ಎರಡು ವರ್ಷದ ಖರ್ಚನ್ನು ಲೆಕ್ಕ ಹಾಕುತ್ತಾರೆ. ಕಷ್ಟ ಇರುವುದು ಅದರ ಆಚೆ. ಬೆಂಗಳೂರಿನ ಮಧ್ಯಮ ಮಟ್ಟದ ಖಾಸಗಿ ಶಾಲೆಯಲ್ಲಿ ಹೊಸ ಗಣಿತ ಶಿಕ್ಷಕರಿಗೆ ಕೈಗೆ 35,000 ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಸಣ್ಣ ಶಾಲೆಗಳಲ್ಲಿ ಇದರ ಅರ್ಧವೂ ಇದೆ, ದೊಡ್ಡ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಹೆಚ್ಚೂ ಇದೆ. ಅದಕ್ಕೆ ಹೆಂಡತಿಯ 42,000 ಸೇರಿ 77,000. ಈಗಿನ ಖರ್ಚು ಒಂದು ಲಕ್ಷ. ಎರಡು ವರ್ಷ ಉಳಿತಾಯದಲ್ಲಿ ದಾಟಿದರೂ ಮೂರನೇ ವರ್ಷದಿಂದ ಪ್ರತಿ ತಿಂಗಳೂ 23,000 ಕೊರತೆ. ಮೊದಲು ಮುಚ್ಚಬೇಕಾದದ್ದು ಈ ತೂತು.

ನಾಳೆಯಿಂದಲೇ ಖರ್ಚನ್ನು 84,000ಕ್ಕೆ ಇಳಿಸಿ ಅಷ್ಟರಲ್ಲೇ ಬದುಕಿ. ಇದು ಉಳಿತಾಯವೂ ಹೌದು, ಪರೀಕ್ಷೆಯೂ ಹೌದು. ಸಂಬಳ ಬರುವಾಗ ಆಗದ ಮಿತವ್ಯಯ ಸಂಬಳ ನಿಂತ ಮೇಲೆ ಜಗಳವಾಗುತ್ತದೆ. ಇಬ್ಬರ ಆದಾಯ 1,67,000ದಲ್ಲಿ ತಿಂಗಳಿಗೆ 83,000 ಉಳಿದರೆ ಹದಿನೆಂಟು ತಿಂಗಳಿಗೆ ಸುಮಾರು 15 ಲಕ್ಷ. ಈಗಿನ 9 ಲಕ್ಷ ಸೇರಿ 24 ಲಕ್ಷ.

ಅಷ್ಟರಲ್ಲಿ ಸಾಲದ ಬಾಕಿ (ಶೇ 8.5ರ ಆಸುಪಾಸಿನ ಬಡ್ಡಿಯಲ್ಲಿ) ಹತ್ತಿರ ಹತ್ತಿರ 24 ಲಕ್ಷಕ್ಕೆ ಬಂದಿರುತ್ತದೆ. ಅದರಲ್ಲಿ 6 ಲಕ್ಷ, ಅಂದರೆ ಕಾಲು ಭಾಗ, ಒಮ್ಮೆಗೇ ಕಟ್ಟಿದರೆ ಇಎಂಐ ಕೂಡ ಕಾಲು ಭಾಗ ಇಳಿದು 27,000 ಆಗುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಮುಂಗಡ ಪಾವತಿಯ ದಂಡ ಇಲ್ಲ. ಒಂದು ಎಚ್ಚರಿಕೆ: ನೀವು ಹೇಳದಿದ್ದರೆ ಬ್ಯಾಂಕು ಸಾಮಾನ್ಯವಾಗಿ ಅವಧಿಯನ್ನು ಕಡಿಮೆ ಮಾಡಿ ಇಎಂಐ ಹಾಗೇ ಇಡುತ್ತದೆ. ‘ಅವಧಿ ಅಷ್ಟೇ ಇರಲಿ, ಇಎಂಐ ಇಳಿಸಿ’ ಎಂದು ಬರೆದುಕೊಟ್ಟು ಹೊಸ ಕಂತಿನ ಪಟ್ಟಿ ಪಡೆಯಿರಿ. ಹಣ ಕಟ್ಟದೆ ಬರೀ ಅವಧಿ ಹೆಚ್ಚಿಸಿಕೊಂಡರೂ ಇಎಂಐ ಇಳಿಯುತ್ತದೆ, ಆದರೆ ಇವತ್ತಿನ 27 ಲಕ್ಷವನ್ನು 9ರಿಂದ 14 ವರ್ಷಕ್ಕೆ ಎಳೆದರೆ ಒಟ್ಟು ಬಡ್ಡಿ ಸುಮಾರು ಏಳೂವರೆ ಲಕ್ಷ ಏರುತ್ತದೆ.

ಇಎಂಐ ಹೀಗೆ ಇಳಿದ ಮೇಲೆ ತಿಂಗಳ ಖರ್ಚು 75,000. ಹೆಂಡತಿಯ ಸಂಬಳ ಕಳೆದರೆ ತಿಂಗಳ ಕೊರತೆ 33,000. ಬಿ.ಇಡಿ.ಯ 24 ತಿಂಗಳ ಜೊತೆಗೆ ಫಲಿತಾಂಶ ಬಂದು ಮೊದಲ ಸಂಬಳ ಕೈಗೆ ಸಿಗುವವರೆಗೆ ಇನ್ನು 4 ತಿಂಗಳು ಹಿಡಿಯಿರಿ: 28 ತಿಂಗಳಿಗೆ 9.24 ಲಕ್ಷ. ಕಾಲೇಜು ಶುಲ್ಕ, ಪುಸ್ತಕ, ಓಡಾಟಕ್ಕೆ 2 ಲಕ್ಷ. ಆರು ತಿಂಗಳ ಖರ್ಚಿನಷ್ಟು ಆಪತ್ತಿನ ಹಣ 4.5 ಲಕ್ಷ, ಇದನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಆರೋಗ್ಯ ವಿಮೆಗೆ 2.3 ಲಕ್ಷ. ಸಾಲಕ್ಕೆ ಕಟ್ಟಿದ 6 ಲಕ್ಷವೂ ಸೇರಿ ಹೆಚ್ಚುಕಮ್ಮಿ 24 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಕೈಯಲ್ಲಿ ಒಂದು ರೂಪಾಯಿ ಹೆಚ್ಚಿಲ್ಲ ಎಂಬುದನ್ನು ಗಮನಿಸಿ. ಹದಿನೆಂಟು ಎಂದದ್ದು ಇದಕ್ಕೇ, ಹನ್ನೆರಡು ತಿಂಗಳಿಗೇ ಹೊರಟರೆ 5 ಲಕ್ಷ ಕಡಿಮೆ ಬೀಳುತ್ತದೆ.

ಸ್ವಲ್ಪ ಉಸಿರಾಡಲು ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು ಇದೆ. ಕೊನೆಯ ಮೂಲವೇತನವನ್ನು 26ರಿಂದ ಭಾಗಿಸಿ, 15ರಿಂದ ಮತ್ತು ಸೇವೆಯ ವರ್ಷಗಳಿಂದ ಗುಣಿಸಬೇಕು. ಮೂಲವೇತನ 60,000, ಸೇವೆ 7 ವರ್ಷ ಎಂದರೆ 2.42 ಲಕ್ಷ. ಪಿಎಫ್ ಅನ್ನು ಮಾತ್ರ ಬಿಡಿ. ನೀವು ತೆಗೆಯದಿದ್ದರೂ ಅದಕ್ಕೆ ಬಡ್ಡಿ ಸೇರುತ್ತದೆ, ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಇದೆ ಅಷ್ಟೆ.

ವಿಮೆಯ ಬಗ್ಗೆ ಒಂದು ಮಾತು. ಕಂಪನಿಯ ಗುಂಪು ವಿಮೆ ನಿಮ್ಮ ಕೊನೆಯ ದಿನಕ್ಕೆ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ರಕ್ಷಣೆ ಇರುವುದಿಲ್ಲ, ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಅಪ್ಪ-ಅಮ್ಮನಿಗೆ ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಇದು ದೊಡ್ಡ ವಿಷಯ. ಅದಕ್ಕೇ ಪಾಲಿಸಿಯನ್ನು ಈ ತಿಂಗಳೇ ಮಾಡಿಸಿ, ಕಾಯುವ ಅವಧಿಯ ಅರ್ಧ ನೀವು ಕೆಲಸದಲ್ಲಿರುವಾಗಲೇ ಕಳೆಯುತ್ತದೆ. ಆ ಹದಿನೆಂಟು ತಿಂಗಳ ಪ್ರೀಮಿಯಂ ಅನ್ನು ಬೋನಸ್ಸಿನಿಂದ ಕಟ್ಟಿ. ಕಾಯಿಲೆ ಮುಚ್ಚಿಟ್ಟು ಮಾಡಿಸಿದ ಪಾಲಿಸಿ ಬಿಲ್ಲು ಬಂದ ದಿನ ಕೈಕೊಡುತ್ತದೆ, ಎಲ್ಲವನ್ನೂ ಬರೆಯಿರಿ.

ಕೆಲಸ ಸಿಕ್ಕ ಮೇಲೂ ವಿಮೆ ಸೇರಿ ಖರ್ಚು 83,000, ಆದಾಯ 77,000. ಉಳಿದ ಆರು ಸಾವಿರವನ್ನು ಮನೆಪಾಠದಿಂದ ತುಂಬುತ್ತೇನೆ ಎಂದುಕೊಂಡಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಓದಿ, ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ಅದು ನಿಷೇಧಿಸುತ್ತದೆ. ಮಾಡುವವರು ಇದ್ದಾರೆ, ಆ ಮಾತು ಬೇರೆ. ಅದಕ್ಕಿಂತ, ಹಲವು ಖಾಸಗಿ ಶಾಲೆಗಳು ತಮ್ಮ ಶಿಕ್ಷಕರ ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತವೆ. ಮಗಳ ಶುಲ್ಕ ಅರ್ಧವಾದರೂ ಕೊರತೆಯ ದೊಡ್ಡ ಪಾಲು ತುಂಬುತ್ತದೆ.

ಮನೆಯವರ ಮಾತು

ಬೈಯುವುದಕ್ಕೆ ಕಾರಣ ಹೆಚ್ಚಾಗಿ ಭಯ, ಮತ್ತು ಆ ಭಯಕ್ಕೆ ಆಧಾರವಿದೆ. ‘ನನ್ನ ಖುಷಿ’ ಎಂಬ ಮಾತಿನಿಂದ ಅದು ಕಡಿಮೆಯಾಗುವುದಿಲ್ಲ. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಹೆಂಡತಿಯ ಮುಂದಿಡಿ, ತಿದ್ದಲು ಪೆನ್ನು ಅವರ ಕೈಗೇ ಕೊಡಿ. ಎರಡೂಕಾಲು ವರ್ಷ ಸಂಸಾರ ಹೊರುವವರು ಅವರು. ಅವರಿಗೆ ಕೆಲಸ ಬದಲಿಸುವ, ರಜೆ ತೆಗೆದುಕೊಳ್ಳುವ ಸ್ವಾತಂತ್ರ್ಯ ಅಷ್ಟೂ ದಿನ ಇರುವುದಿಲ್ಲ. ಒಪ್ಪಿಗೆ ಕೇಳುವಾಗ ಇದನ್ನು ನೀವೇ ಬಾಯಿಬಿಟ್ಟು ಹೇಳಿ. ಮನೆಕೆಲಸ, ಮಗಳನ್ನು ಶಾಲೆಗೆ ಬಿಡುವುದು ಯಾರ ಪಾಲಿಗೆ ಬರುತ್ತದೆ ಎಂದು ಮೊದಲೇ ಮಾತಾಡಿಕೊಳ್ಳಿ.

ಆ ಹಾಳೆಯ ಕೆಳಗೆ ನಿಲ್ಲಿಸುವ ಗೆರೆಯನ್ನೂ ಬರೆಯಿರಿ: ಉಳಿತಾಯ 4.5 ಲಕ್ಷಕ್ಕೆ ಇಳಿದರೆ, ಅಥವಾ 28ನೇ ತಿಂಗಳಿಗೆ ಕೆಲಸದ ಪತ್ರ ಕೈಯಲ್ಲಿಲ್ಲದಿದ್ದರೆ, ಟೆಸ್ಟಿಂಗ್‌ಗೆ ಮರಳುವುದು. ಮರಳುವ ಬಾಗಿಲು ತೆರೆದಿರಬೇಕಾದರೆ ಬಿ.ಇಡಿ. ನಡುವೆಯೂ ವಾರಕ್ಕೆ ನಾಲ್ಕು ಗಂಟೆ ಆಟೋಮೇಷನ್ ಅಭ್ಯಾಸ ಇಟ್ಟುಕೊಳ್ಳಿ, ಹಳೆಯ ಸಹೋದ್ಯೋಗಿಗಳ ಸಂಪರ್ಕ ಬಿಡಬೇಡಿ. ಹಾಗಿದ್ದರೂ ಮೂರು ವರ್ಷದ ನಂತರ ಇದೇ ಸಂಬಳ ಸಿಗುವುದು ಕಷ್ಟ ಎಂದು ತಿಳಿದೇ ಹೊರಡಿ.

ಇನ್ನೊಂದು ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿ.ಇಡಿ. ಕ್ಲಾಸಿನಲ್ಲಿ ನಿಮ್ಮ ಪಕ್ಕ ಕೂರುವವರಿಗೆ 22 ವರ್ಷ. ಚಾರ್ಟ್ ಅಂದವಾಗಿಲ್ಲ ಎಂದು ಬೈಸಿಕೊಳ್ಳುತ್ತೀರಿ. ಮದುವೆಮನೆಯಲ್ಲಿ ‘ಈಗ ಏನ್ಮಾಡ್ತಿದೀಯಪ್ಪಾ’ ಎಂದವರಿಗೆ ‘ಓದ್ತಿದೀನಿ’ ಎನ್ನಬೇಕು. ಹದಿಮೂರು ವರ್ಷ ಬಲ್ಲವರಾಗಿದ್ದು ಮತ್ತೆ ಕಲಿಯುವವರಾಗುವುದು ಸುಲಭವಲ್ಲ. ಇದಕ್ಕೂ ಮದ್ದು ಆ ಹನ್ನೆರಡು ಶನಿವಾರವೇ: ನಿಮಗಿಂತ ಕಿರಿಯ ಶಿಕ್ಷಕಿಯೊಬ್ಬರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಪಾಠ ಮುಗಿದ ಮೇಲೆ ಎರಡು ತಪ್ಪು ಹೇಳಿ ಎಂದು ಕೇಳಿ. ಆ ಹತ್ತು ನಿಮಿಷ ಸಹಿಸಲು ಆದರೆ ಬಿ.ಇಡಿ. ಕಷ್ಟವಾಗುವುದಿಲ್ಲ.

ಹೊರಡುವಾಗಿನ ಕಾಗದಪತ್ರ

ಸೀಟು ಖಚಿತವಾಗುವ ಮುಂಚೆ ರಾಜೀನಾಮೆ ಕೊಡಬೇಡಿ. ನೋಟಿಸ್ ಅವಧಿ 60 ಅಥವಾ 90 ದಿನ ಇರುತ್ತದೆ, ಕಾಲೇಜು ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಿ. ಅವಧಿ ಮುಗಿಯದಿದ್ದರೆ ಉಳಿದ ದಿನಗಳ ಸಂಬಳ ಕಟ್ಟಿ ಹೋಗಲು ನಿಮ್ಮ ಕರಾರು ಬಿಡುತ್ತದೆಯೇ ನೋಡಿ. ರಿಲೀವಿಂಗ್ ಪತ್ರ, ಅನುಭವ ಪತ್ರ ಎರಡನ್ನೂ ಪಡೆಯಿರಿ. ಪಿಎಫ್ ಪೋರ್ಟಲ್‌ನಲ್ಲಿ ನಿರ್ಗಮನದ ದಿನಾಂಕ ದಾಖಲಾಗಿದೆಯೇ, ಹಳೆಯ ಕಂಪನಿಗಳ ಖಾತೆಗಳು ಈಗಿನದಕ್ಕೆ ವರ್ಗವಾಗಿವೆಯೇ ನೋಡಿ. ನೀವು 2014ರ ಸೆಪ್ಟೆಂಬರ್‌ಗೆ ಮುಂಚೆಯೇ ಸೇರಿದವರಾದ್ದರಿಂದ ಪಾಸ್‌ಬುಕ್ಕಿನ ಪಿಂಚಣಿ ಕಾಲಮ್ಮಿನಲ್ಲಿ ಹಣ ಇರುವ ಸಂಭವವಿದೆ. ಇದ್ದು, ಸೇವೆ ಹತ್ತು ವರ್ಷ ದಾಟಿದ್ದರೆ ಆ ಹಣ ವಾಪಸ್ ಸಿಗುವುದಿಲ್ಲ, 58ಕ್ಕೆ ಪಿಂಚಣಿ ಬರುತ್ತದೆ. ಫಾರ್ಮ್ 10ಸಿ ಮೂಲಕ ಸ್ಕೀಮ್ ಸರ್ಟಿಫಿಕೇಟ್ (ಪಿಂಚಣಿಗೆ ಲೆಕ್ಕವಾಗುವ ಸೇವೆಯ ದಾಖಲೆ) ಪಡೆದು ಇಟ್ಟುಕೊಳ್ಳಿ, ಮುಂದೆ ಸೇರುವ ಶಾಲೆಯಲ್ಲಿ ಪಿಎಫ್ ಇದ್ದರೆ ಸೇವೆ ಮುಂದುವರಿಯುತ್ತದೆ.

ಶಾಲೆಗಳ ನೇಮಕಾತಿ ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್‌ವರೆಗೆ ನಡೆಯುತ್ತದೆ, ಬಿ.ಇಡಿ.ಯ ಕೊನೆಯ ಸೆಮಿಸ್ಟರಿನಲ್ಲೇ ಅರ್ಜಿ ಹಾಕಿ. ಡೆಮೊ ಕ್ಲಾಸಿನಲ್ಲಿ ಸ್ಲೈಡ್ ತೋರಿಸಬೇಡಿ, ಬೋರ್ಡು ಮತ್ತು ಸೀಮೆಸುಣ್ಣ ಸಾಕು. ಹನ್ನೆರಡು ವಾರದ ಮುಂಚಿನ ಮತ್ತು ನಂತರದ ಪರೀಕ್ಷೆಯ ಅಂಕಿಗಳನ್ನು ಮಕ್ಕಳ ಹೆಸರು ತೆಗೆದು ಜೊತೆಗೆ ಒಯ್ಯಿರಿ. ಸಂಬಳದ ಮಾತು ಬಂದಾಗ ನಾಲ್ಕು ಪ್ರಶ್ನೆ ಕೇಳಿ: ಸಂಬಳ ವರ್ಷಕ್ಕೆ ಹನ್ನೆರಡು ತಿಂಗಳೂ ಬರುತ್ತದೆಯೇ (ಬೇಸಿಗೆ ರಜೆಯಲ್ಲಿ ನಿಲ್ಲಿಸುವ ಶಾಲೆಗಳಿವೆ), ಪಿಎಫ್ ಇದೆಯೇ, ವಾರಕ್ಕೆ ಎಷ್ಟು ಪೀರಿಯಡ್, ಮಗಳಿಗೆ ಶುಲ್ಕದಲ್ಲಿ ಎಷ್ಟು ರಿಯಾಯಿತಿ. ವಾರಕ್ಕೆ 30 ಪೀರಿಯಡ್ ದಾಟಿದರೆ ತಯಾರಿಗೆ ಸಮಯ ಉಳಿಯುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ‘ಶಾಲೆಯಲ್ಲೇ ಇರಲಿ’ ಎಂದು ಕೇಳುವ ಆಡಳಿತ ಮಂಡಳಿಗಳಿರುತ್ತವೆ. ತೋರಿಸಿ, ಪ್ರತಿ ಕೊಡಿ, ಮೂಲವನ್ನು ಮನೆಗೆ ತನ್ನಿ.